ಗ್ವಾಡಿ ಆಚಿಯ ಅಲಸಂದಿ

ಮಾನ್ವಿಯಿಂದ ರಾಯಚೂರಿಗೆ ಸೊಸಿಯಾಗಿ ಬಂದ ಹೊಸದಾಗ ನಮ್ಮತ್ತಿಯ ಸಿಟ್ಟು ಯಾವಾಗ ಏರ್ತದ, ಯಾವಾಗ ಇಳೀತದ ನನಗ ಗೊತ್ತಾಗ್ತಿರಲಿಲ್ಲ. ದೇವದುರ್ಗದಿಂದ ನನಗಿಂತ ಮೊದಲು ಬಂದಿದ್ದ ನೆಗೆಣ್ಣಿಗೆ, ಅಂದ್ರ ಭಾವನ ಹೆಂಡತಿಗೆ, ಪೂರಾ ಗೊತ್ತಿತ್ತು. ಅತ್ತಿ ಮುಖ ಗಂಟು ಹಾಕಿದ್ರ ಆಕಿ ಅಡಗಿಮನಿಯಾಗ ತಾಟಿಗೆ ಸೌಟು ಬಡೀತಿದ್ಲು, ಠಣ್ ಠಣ್. ಕಾಲೇಜಿನಿಂದ ಬಂದ ನಾನು ಪಡಸಾಲಿ ಕಡಿ ಹಾಯದ, ಹಿತ್ತಲ ಬಾಗಿಲಿಂದ ಒಳಗ ಬಂದು ರೊಟ್ಟಿ ಬಡಿಯಾಕ ಕುಂದರ್ತಿದ್ದೆ. ಆಕಿ ಇರಲಿಲ್ಲಂದ್ರ ನನ್ನ ಕತಿ ಮುಗೀತಿತ್ತು.

ಅತ್ತಿ ತೀರಿಕೊಂಡ ಮ್ಯಾಲ ಮನಿ ಪಾಲಾತು. ಅಣ್ಣತಮ್ಮ ಇಬ್ರೂ ನೀರಿನ ಮೋಟರ್ ಸಲುವಾಗಿ ಜಗಳಾಡಿ ಹಿತ್ತಲದ ನಡುವ ಗ್ವಾಡಿ ಎಬ್ಬಿಸಿದ್ರು. ಬುನಾದಿ ಗಟ್ಟಿ ಬೇಕಂತ ಎರಿ ಮಣ್ಣು ತೋಡಿ ಕೆಳಗಿನ ಗಟ್ಟಿ ಗರಸಿನ ತನಕ ಇಳದ್ರು. ಕಿಲ್ಲಾ ಕಟ್ಟಾಕತ್ತಾರೇನೋ ಅನ್ನಬೇಕು! ಗಂಡಸರು ಮಾತು ಬಿಟ್ರು. ನಾವಿಬ್ರು ಯಾಕ ಬಿಟ್ವಿ ಅನ್ನೋದು ನನಗಿನ್ನೂ ತಿಳಿದಿಲ್ಲ.

ನಾನು ಪಿಯು ಕಾಲೇಜಿನಾಗ ಜೀವಶಾಸ್ತ್ರ ಕಲಿಸ್ತೀನಿ. ಒಂದಿನ ಮಣ್ಣಿನ ಶಿಲೀಂಧ್ರದ ಪಾಠ ಇತ್ತು. ಕೂದಲಕ್ಕಿಂತ ಸಣ್ಣ ಎಳಿಗಳು ಒಂದು ಗಿಡದ ಬೇರಿಂದ ಇನ್ನೊಂದರ ಬೇರಿಗೆ ಹಬ್ಬಿರ್ತಾವ. ಒಂದಕ್ಕ ರಸ ಹೀರೋ ಹೇನು ಹತ್ತಿದ್ರ ಸುದ್ದಿ ಆ ಎಳಿಯಾಗ ಹಾದು ಹೋಗಿ, ಇನ್ನೂ ಹೇನು ಹತ್ತದ ಗಿಡ ಮೊದಲೇ ತಯಾರಾಗ್ತದ. ಹೇನಿಗೆ ಒಗ್ಗದ ವಾಸನಿ ಬಿಡ್ತದ. ಅದೇ ವಾಸನಿಗೆ ಹೇನಿನ ವೈರಿ ಕಣಜ ಹಾರಿ ಬರ್ತಾವ. ವಿಜ್ಞಾನಿಗಳು ಕುಂಡದಾಗ ಬೆಳಸಿ ನೋಡ್ಯಾರ. ಎಲ್ಲಾ ಹೊಲದಾಗೂ ಹಂಗ ಅಂತ ಹೇಳಾಕ ಬರಂಗಿಲ್ಲ. ನಡುವ ನೆಲ ಕಡದ್ರ ಎಳಿ ಹರೀತಾವ ಅಂತ ಹೇಳಿ, ಬೋರ್ಡ್ ಒರೆಸಿ ಮನಿಗೆ ಬಂದೆ.

ಸಂಜಿಕ ನೋಡಿದ್ರ ನನ್ನ ಅಲಸಂದಿ ಕುಡಿ ತುಂಬ ಕರಿ ಹೇನು. ಥೂ, ಮುಟ್ಟಿದ್ರ ಕೈ ಜಿಗಿಜಿಗಿ. ಗ್ವಾಡಿ ಆಚಿ ನೆಗೆಣ್ಣಿ ಹಚ್ಚಿದ್ದೂ ಅಲಸಂದಿನೇ, ಪಾಲಾಗೋಕ್ಕಿಂತ ಮೊದಲು ನಾವಿಬ್ರೂ ಕೂಡಿ ತೆಗೆದಿಟ್ಟ ಬೀಜದ್ದು. ಅದರ ತುದಿ ಗ್ವಾಡಿ ಮ್ಯಾಲ ಇಣುಕಿತ್ತು, ಹಚ್ಚಗ, ಒಂದು ಹೇನಿಲ್ಲ. ಇಂದಿಲ್ಲ ನಾಳಿ ಹತ್ತತಾವ. ನೆಲದಾಗಿನ ಎಳಿ ನಮ್ಮ ಗಂಡಸರು ಕಡಿಸಿ ಕುಂತಾರ.

ಒಳಗ ಹೋಗಿ ತಾಟು, ಸೌಟು ತಂದೆ. ಪೇಪರ್ ಓದಾಕತ್ತಿದ್ದ ನಮ್ಮನಿಯವ್ರು "ಎಲ್ಲಿಗಿದು?" ಅಂದ್ರು. ನಾನು ಹಿತ್ತಲಿಗೆ ನಡೆದೆ. ಗ್ವಾಡಿ ಹಂತ್ಯಾಕ ನಿಂತು ಬಡಿದೆ, ಠಣ್ ಠಣ್. ಆಚಿ ಕಡಿ ಸಪ್ಪಳಿಲ್ಲ. ಈಗೂ ಬರಲಿಲ್ಲಂದ್ರ ಇನ್ನೆಂದೂ ಬರಂಗಿಲ್ಲ ಅನ್ನಿಸ್ತು.

ಆಮ್ಯಾಲ ಕುರ್ಚಿ ಎಳೆದದ್ದು ಕೇಳಿಸ್ತು. ಗ್ವಾಡಿ ಮ್ಯಾಲ ನೆಗೆಣ್ಣಿ ಮುಖ ಬಂತು, ತಲಿ ಮ್ಯಾಲ ಸೆರಗು ಹೊತಗೊಂಡು.

"ಏನಬೇ, ಅತ್ತಿ ಬಂದ್ಲೇನು?" ಅಂದ್ಲು.

"ಇಲ್ಲಕ್ಕಾ, ಹೇನು ಬಂದಾವ," ಅಂದೆ.

ಆಕಿ ನಕ್ಕಳು. ನನಗ ಅಳು ಬಂತು.