ಪೂರ್ತಿ ಕೇಳದ ನೀಲಿ ರೆಕಾರ್ಡು

ಹೋದ ವಾರ ರಕ್ತ ಪರೀಕ್ಷೆಗೆ ಹೋದಾಗ ಲ್ಯಾಬಿನ ಹುಡುಗಿ ತೋಳಿಗೆ ಸ್ಪಿರಿಟ್ ಹತ್ತಿ ಒರೆಸಿದಳು. ಆ ವಾಸನೆಗೆ ಮಧುಗಿರಿಯ ನರ್ಸಮ್ಮ ನೆನಪಾದರು... ಅವರು ಗ್ರಾಮಫೋನ್ ರೆಕಾರ್ಡುಗಳನ್ನು ಸ್ಪಿರಿಟ್ಟಿನಲ್ಲೇ ಒರೆಸುತ್ತಿದ್ದರು.

ಎಂಬತ್ತರ ದಶಕದ ಶುರು. ನಾನು ಆಗಷ್ಟೇ ಹೈಸ್ಕೂಲ್ ಟೀಚರಾಗಿ ಮಧುಗಿರಿಗೆ ಬಂದಿದ್ದೆ. ಪಕ್ಕದ ಬಾಡಿಗೆ ಮನೆಯಲ್ಲಿ ನರ್ಸಮ್ಮ, ಲಕ್ವ ಹೊಡೆದ ತಂದೆಯ ಜೊತೆ. ಜರ್ಮನಿಯ ಆಸ್ಪತ್ರೆಯೊಂದರಲ್ಲಿ ಕೆಲವು ವರ್ಷ ದುಡಿದು, ತಂದೆಗಾಗಿ ಕೆಲಸ ಬಿಟ್ಟು ಬಂದವರು. ಬರುವಾಗ ತಂದದ್ದು ಒಂದು ಪ್ಲೇಯರು, ಒಂದಷ್ಟು ಜರ್ಮನ್ ರಾಕ್ ರೆಕಾರ್ಡು. ಅದನ್ನು ಕ್ರೌಟ್‌ರಾಕ್ ಎನ್ನುತ್ತಾರೆ. ಆ ಹೆಸರೆತ್ತಿದರೆ ಅವರಿಗೆ ಸಿಟ್ಟು. ಜರ್ಮನ್ನರನ್ನು ಹುಳಿ ಕೋಸು ತಿನ್ನುವವರೆಂದು ಹೊರಗಿನವರು ಹಂಗಿಸಿ ಇಟ್ಟದ್ದಂತೆ.

"ನೀಲಿ ಕವರಿಂದು ಮೊದ್ಲು ಕೇಳಿ ಟೀಚರ್. ಅದು ಪೂರ್ತಿ ಆಗೋ ತಂಕ ಕಪ್ಪಿಂದು ಮುಟ್ಟಂಗಿಲ್ಲ. ಕಪ್ಪಿಂದು ಎಲ್ಲಕ್ಕಿಂತ ಮೇಲು, ಆದ್ರೆ ಕಿವಿ ಹದ ಆಗ್ಬೇಕು," ಎನ್ನುತ್ತಿದ್ದರು.

ನೀಲಿಯ ಒಂದು ಬದಿಗೆ ಒಂದೇ ಹಾಡು. ಹಾಡುವವರಂತೂ ಇಲ್ಲ. ಒಂದೇ ಸಮನೆ ಡ್ರಮ್ಮು, ಅದರ ಮೇಲೆ ಗಿಟಾರು ನಿಧಾನಕ್ಕೆ ಬಣ್ಣ ಬದಲಿಸುತ್ತಾ... ನನಗೆ ರುಚಿ ಹತ್ತುವ ಹೊತ್ತಿಗೆ ಸರಿಯಾಗಿ ವೋಲ್ಟೇಜು ಇಳಿದು ಸಂಗೀತ ನರಳತೊಡಗುತ್ತಿತ್ತು, ಆಮೇಲೆ ಕರೆಂಟೇ ಹೋಗುತ್ತಿತ್ತು. ಬಂದಾಗ ಮತ್ತೆ ಮೊದಲಿಂದ. ನಿಂತಲ್ಲಿಂದಲೇ ಹಾಕಿ ಎಂದರೆ ಒಪ್ಪುತ್ತಿರಲಿಲ್ಲ. ನನಗೆ ರೇಗಿಹೋಗುತ್ತಿತ್ತು.

ಒಂದು ಭಾನುವಾರ ಕರೆಂಟು ಕೈಕೊಡಲಿಲ್ಲ. ಅರ್ಧ ಆಗಿತ್ತು, ಮನೆ ಓನರಮ್ಮ ಬಾಗಿಲು ಬಡಿದರು.

"ಏನ್ ನರ್ಸಮ್ಮ ಇದು, ರುಬ್ಬೋ ಗುಂಡು ತಿರುಗ್ದಂಗೆ! ನಮ್ಮೆಮ್ಮೆ ಹಾಲೇ ಕೊಡ್ತಿಲ್ಲ ಕಣಮ್ಮ!"

"ರುಬ್ಬೋ ಗುಂಡೇ! ಸರಿಯಾಗಂದ್ರಿ. ಬನ್ನಿ, ಕೂತ್ಕಳಿ, ಇನ್ನರ್ಧ ಐತೆ," ಎಂದು ನರ್ಸಮ್ಮ ಖುಷಿಯಿಂದ ಚಾಪೆ ಹಾಸಿದರು. ಓನರಮ್ಮ ಕೂರಲಿಲ್ಲ, ಪ್ಲೇಯರು ನಿಲ್ಲಿಸುವ ತನಕ ಕದಲಲೂ ಇಲ್ಲ. ತಿಂಗಳೊಪ್ಪತ್ತಿನಲ್ಲಿ ಮನೆ ಖಾಲಿ ಮಾಡಿಸಿದರು.

ನರ್ಸಮ್ಮ ತಂದೆಯ ಜೊತೆ ಶಿರಾಕ್ಕೆ ಹೋದರು. ಅಲ್ಲಿನ ಮೈಕ್ ಸೆಟ್ ಅಂಗಡಿಯ ಸಾಬರು ಬ್ಯಾಟರಿ ಮೇಲೆ ಪ್ಲೇಯರ್ ಓಡಿಸಲು ಒಪ್ಪಿದ್ದಾರೆ, ಭಾನುವಾರ ಬನ್ನಿ ಎಂದು ಹೇಳಿಕಳಿಸಿದರು. ಹೊರಟೆ. ದಾರಿಯಲ್ಲಿ ಬಸ್ಸು ಪಂಕ್ಚರ್ ಆಗಿ ನಿಂತಿತು. ಬಿಸಿಲಲ್ಲಿ ಕಾದು ಶಿರಾ ಮುಟ್ಟುವಷ್ಟರಲ್ಲಿ ನೀಲಿಯೂ ಮುಗಿದಿತ್ತು, ಬ್ಯಾಟರಿಯೂ ಮುಗಿದಿತ್ತು.

"ಎಷ್ಟ್ ಕಾದ್ವಿ ಟೀಚರ್... ಸಾಬರು ಮದ್ವೆ ಮನೆಗೆ ಹೋಗ್ಬೇಕಿತ್ತು, ಹಾಕ್ಬುಟ್ವಿ," ಎಂದರು ನರ್ಸಮ್ಮ. ಊರಿಗೆ ಬಂದ ಮೇಲೆ ಮೊದಲ ಸಲ ಪೂರ್ತಿ ಕೇಳಿದ್ದರು; ಮುಖ ಅರಳಿತ್ತು.

ಸಾಬರು ಗಡ್ಡ ಸವರಿಕೊಂಡು, "ಬಹುತ್ ಅಚ್ಛಾ ಐತೆ ಮೇಡಂ. ಆದ್ರೆ ಕೊನೆವರ್ಗೂ ಹಾಡೋರೇ ಬರ್ಲಿಲ್ವಲ್ಲ!" ಎಂದರು.

ನಾನೂ ನಕ್ಕೆ. ವಾಪಸ್ ಬರುವಾಗ ಬಸ್ಸಿನಲ್ಲಿ ಅಳು ಬಂತು.

ಮತ್ತೆ ಕೂತು ಕೇಳುವ ದಿನ ಒದಗಲಿಲ್ಲ. ತಂದೆ ಕಣ್ಮುಚ್ಚಿದ ಮೇಲೆ ನರ್ಸಮ್ಮ ಮತ್ತೆ ಹೊರದೇಶಕ್ಕೆ ಹೋದರಂತೆ. ಅಲ್ಲೇ ತೀರಿಕೊಂಡರೆಂದು ಎಷ್ಟೋ ವರ್ಷಗಳ ಮೇಲೆ ಸಾಬರಿಂದ ತಿಳಿಯಿತು...

ಆ ಎರಡು ರೆಕಾರ್ಡುಗಳ ತಂಡಗಳ ಹೆಸರು ನಾನು ಮರೆತಿರಲಿಲ್ಲ. ಮೊನ್ನೆ ಮಗಳು ಎರಡನ್ನೂ ಫೋನಿನಲ್ಲಿ ಹುಡುಕಿಕೊಟ್ಟಳು. ಮೊದಲು ನೀಲಿಯನ್ನೇ ಕೇಳಿದೆ, ಕೊನೆಯವರೆಗೂ. ಆಮೇಲೆ ಕಪ್ಪಿನದು. ಅದು ನನಗೆ ಹಿಡಿಸಲೇ ಇಲ್ಲ. ಬರೀ ಗುಂಯ್ ಎನ್ನುವ ಸದ್ದು. ನೀಲಿಯೇ ಮೇಲು, ನೀವು ಹೇಳಿದ್ದು ತಪ್ಪು ಎಂದು ಅವರೊಂದಿಗೆ ಜಗಳ ಆಡಬೇಕು ನಾನು. ಈಗ ಯಾರ ಹತ್ತಿರ ಆಡಲಿ?

"ಬೇಜಾರಾದ್ರೆ ಬೇರೇದು ಹಾಕ್ಕೊಳಮ್ಮ," ಎನ್ನುತ್ತಾಳೆ ಮಗಳು.