ಯಾರ ಹೆಸರು ಕೂಗಿದರೂ ಓಗೊಡುವ ಮಾರ್ತಾ

ಬೆಳಗಿನ ಐದು ಗಂಟೆ. ತಮಿಳುನಾಡಿನ ಪಾಲಕೋಡ್ ರಸ್ತೆಯಲ್ಲಿ ಟೊಮೆಟೊ ಲಾರಿಗಳು ಆಗಲೇ ಓಡಾಡುತ್ತಿವೆ. ರಸ್ತೆ ಪಕ್ಕದ ಹನ್ನೆರಡು ಹಾಸಿಗೆಯ ಆರೈಕೆ ಮನೆಯಲ್ಲಿ, ಇನ್ನು ವಾಸಿಯಾಗದು ಎಂದು ಡಾಕ್ಟರು ಕೈಬಿಟ್ಟವರ ನಡುವೆ, ಆಯಾ ಮಾರ್ತಾ ಬಿಸಿನೀರಿನ ಬೋಗುಣಿ ಹಿಡಿದು ನಿಂತಿದ್ದಾರೆ. ಆರನೇ ಹಾಸಿಗೆಯ ಅಂಕಮ್ಮ, ಮೆಟ್ಟೂರು ಕಡೆಯ ಎಂಬತ್ತರ ಅಜ್ಜಿ, ಕಣ್ಣು ಬಿಡದೆಯೇ ಕೇಳುತ್ತಾರೆ: “ಲೇ ಈಶ್ವರಿ, ಎಮ್ಮೆ ಕಟ್ಟಿದ್ಯಾ?”

“ಕಟ್ಟಿದೆ ಕಣವ್ವಾ, ಉಲ್ಲೂ ಆಕಿದೆ. ಮೊಕ ಒರೆಸ್ತೀನಿ, ಈ ಕಡೆ ತಿರುಗು.”

ಈಶ್ವರಿ ಅಜ್ಜಿಯ ಮಗಳು. ತೀರಿಕೊಂಡು ಇಪ್ಪತ್ತು ವರ್ಷವಾಯಿತು.

ಈ ಮನೆಯಲ್ಲಿ ಮಾರ್ತಾ ಇಲ್ಲದೆ ಕೆಲಸ ಸಾಗದು. ಜೀವಮಾನವೆಲ್ಲ ತಮಿಳಿನಲ್ಲಿ ಬದುಕಿದವರೂ ಕೊನೆಯ ದಿನಗಳಲ್ಲಿ ಮನೆಮಾತು ಕನ್ನಡಕ್ಕೇ ವಾಪಸು ಹೋಗುತ್ತಾರಂತೆ. ನರ್ಸುಗಳಿಗೆ ಅದು ತಿಳಿಯುವುದಿಲ್ಲ. “ಅಕ್ಕಾ, ಸೀಕ್ಕಿರಂ ವಾಂಗ!”, ಬೇಗ ಬನ್ನಿ ಎಂದು ತಮಿಳಿನಲ್ಲೇ ಕೂಗುತ್ತಾರೆ, ಈಕೆ ಓಡುತ್ತಾರೆ. ಎರಡು ಗಂಟೆಗೊಮ್ಮೆ ಹನ್ನೆರಡು ಮಂದಿಯನ್ನೂ ಮಗ್ಗುಲು ಬದಲಿಸಬೇಕು, ಹದಿನೆಂಟು ಕೊಡ ನೀರು ಕಾಯಿಸಬೇಕು. ಹನ್ನೊಂದು ವರ್ಷದಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಈಕೆಯ ಕೈ ಹಿಡಿದೇ ಉಸಿರು ಬಿಟ್ಟಿದ್ದಾರೆ. ಮಾರ್ತಾ ಅವರನ್ನು ಎರಡು ನಿಮಿಷ ಕೂರಿಸಿ ಮಾತಾಡಿಸುವುದೆಂದರೆ, ಅಬ್ಬಾ, ಸಾಕುಬೇಕಾಗುತ್ತದೆ! ಕೂತರೆ ಯೋಚನೆ ಬರುತ್ತದಂತೆ.

ಯೋಚನೆ ಬರದೆ ಏನು ಮಾಡೀತು? ಬರುವ ಗುರುವಾರ ಸೇಲಂನಲ್ಲಿ ಇವರಿಗೆ ಹೃದಯದ ಆಪರೇಷನ್. ಉಳಿದರೆ ಉಳಿದೆ, ಇಲ್ಲದಿದ್ದರೆ ಇಲ್ಲ ಎಂದು ಡಾಕ್ಟರು ಮುಖಕ್ಕೇ ಹೇಳಿಬಿಟ್ಟಿದ್ದಾರೆ.

ಮಾರ್ತಾ ಹುಟ್ಟಿದ್ದು ಪಾಲಕೋಡ್ ಆಚೆಯ ಬೇಸಾಯಗಾರರ ಮನೆಯಲ್ಲಿ. ಮನೆದೇವರು ಮಾದಪ್ಪನಿಗೆ ಹರಕೆ ಹೊತ್ತು ಪಡೆದ ಮಗುವೆಂದು ಮಾದಮ್ಮ ಎಂದು ಹೆಸರಿಟ್ಟರು. ಇಪ್ಪತ್ತಾರಕ್ಕೆ ಗಂಡ ಸತ್ತ. ಅಲ್ಲಿಂದಾಚೆ ಅತ್ತೆಮನೆಯಲ್ಲಿ ಆ ಹೆಸರೂ ಹೋಯಿತು. “ಸತ್ತೋನ ಎಂಡ್ತಿ ಅಂತ್ಲೇ ಕೂಗೋರು. ನಾಕು ವರ್ಷ ಒಬ್ರ ಬಾಯಲ್ಲೂ ನನ್ನೆಸರು ಬರ್ಲಿಲ್ಲ” ಎನ್ನುವಾಗ ಅವರ ದನಿಯಲ್ಲಿ ಈಗಲೂ ಸಿಟ್ಟಿದೆ. ಟೊಮೆಟೊ ಮಂಡಿಯಲ್ಲಿ ಕಾಯಿ ಆರಿಸುತ್ತ ಒಂದು ದಿನ ಎದೆ ಹಿಡಿದು ಕುಸಿದರು. ಆಸ್ಪತ್ರೆಯ ನರ್ಸ್ ಒಬ್ಬಳು ಹೆಸರು ಕೇಳಿಕೊಂಡು ಹೋಗಿ ತಮ್ಮ ಚರ್ಚಿನಲ್ಲಿ ಪ್ರಾರ್ಥನೆ ಮಾಡಿಸಿದಳು. “ಆಮ್ಯಾಕೆ ನಾನೂ ಆ ಚರ್ಚಿಗೆ ಓದೆ. ಅಷ್ಟ್ ಜನ ನಿಂತ್ಕೊಂಡು ಮಾದಮ್ಮನ್ನ ಕಾಪಾಡಪ್ಪಾ ಅಂತ ಕೇಳ್ತಾವ್ರೆ! ಅತ್ಬಿಟ್ಟೆ. ನಾನೂ ಒಂದ್ ಆಳು ಅಂತ ಅವತ್ತೇ ಗೊತ್ತಾಗಿದ್ದು.” ಮುಂದಿನ ವರ್ಷ ದೀಕ್ಷಾಸ್ನಾನವಾಗಿ ಮಾರ್ತಾ ಆದರು. ಅಣ್ಣ ಅಂದಿನಿಂದ ಇವರ ಹೊಸ್ತಿಲು ತುಳಿದಿಲ್ಲ.

ಸಾವಿನ ಭಯವೇ ಎಂದು ಕೇಳಿದರೆ ಇಲ್ಲವೆಂದು ತಲೆಯಾಡಿಸುತ್ತಾರೆ. “ಸಾಯೋದು ದಿನಾ ನೋಡ್ತೀನಲ್ಲ. ಭಯ ಬೇರೆ ಐತೆ.” ಕೈಯಲ್ಲಿನ ಬಟ್ಟೆಯನ್ನು ಹಿಂಡಿದ್ದನ್ನೇ ಹಿಂಡುತ್ತಾರೆ. “ಕೊನೆಗೆ ಎಲ್ರೂ ಚಿಕ್ಕಂದಿಗೇ ಓಯ್ತಾರೆ. ಆ ಮಾತು, ಆ ದೇವ್ರು. ಆಪರೇಸನ್ ಮಯಕ್ಕದಾಗೆ, ಗ್ಯಾನ ಇಲ್ದಾಗ, ನನ್ ಬಾಯಲ್ಲಿ ಯೇಸಪ್ಪಾ ಅಂತ ಬರದೆ ಮಾದಪ್ಪಾ ಅಂತ ಬಂದ್ಬಿಟ್ರೆ? ನನ್ನ ಎಸ್ರಿಡಿದು ಕೂಗ್ದೋರ್ನ ನಾನೇ ಮರ್ತಂಗೆ ಆಗಾಕಿಲ್ವಾ?”

ಮೂರು ವಾರದಿಂದ ಇದೇ ಕಾಟ. ಪಾಸ್ಟರರನ್ನು ಕೇಳೋಣವೆಂದು ಎರಡು ಸಲ ಹೋಗಿ, ನಾಚಿಕೆಯಾಗಿ ವಾಪಸು ಬಂದಿದ್ದಾರೆ.

ಆರನೇ ಹಾಸಿಗೆಯಿಂದ ಮತ್ತೆ ಕೂಗು: “ಈಶ್ವರೀ!”

“ಓ ಅವ್ವಾ, ಬಂದೆ!” ಎಂದು ಹೊರಟ ಮಾರ್ತಾ ನಡುದಾರಿಯಲ್ಲಿ ಗಕ್ಕನೆ ನಿಲ್ಲುತ್ತಾರೆ. ಆರನೇ ಹಾಸಿಗೆಯತ್ತ ನೋಡಿ ನಗುತ್ತಾರೆ. ಮೂರು ವಾರದಲ್ಲಿ ಅವರು ನಕ್ಕಿದ್ದನ್ನು ಕಂಡಿರಲಿಲ್ಲ ಎಂದು ನರ್ಸ್ ಕಲೈವಾಣಿ ಹೇಳುತ್ತಾರೆ.

“ಈಶ್ವರಿ ಅಂದ್ರು, ಪುಷ್ಪಾ ಅಂದ್ರು, ಮುನಿಲಕ್ಷ್ಮಿ ಅಂದ್ರು. ನನ್ನೆಸರು ಅದಲ್ಲ ಅಂತ ಒಂದಿನ ಏಳಿದ್ದೀನಾ? ಗಂಜಿ ಕುಡಿಸೋ ಆಯಾ, ನಾನೇ ಓ ಅಂತೀನಿ. ಯೇಸಪ್ಪ ಓ ಅನ್ನಾಕಿಲ್ವಾ?”