ರಬ್ಬರಿಗೆ ಕುಸುಬಿ ಎಣ್ಣೆ

ಮೊನ್ನೆ ಸೊಸೆ ಗೌರಿ ಒಂದು ಪೊಟ್ಟಣ ತಂದು ನನ್ನ ಮಡಿಲಿಗೆ ಹಾಕಿದಳು. ಬಿಚ್ಚಿದೊಡನೆ ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಸೈಕಲ್ ಅಂಗಡಿಯ ಮುಂದೆ ನಿಂತ ಹಾಗೆ, ಮಳೆಗಾಲಕ್ಕೆ ಕೊಂಡ ಹೊಸ ಚಪ್ಪಲಿಯನ್ನು ಮೂಸಿದ ಹಾಗೆ. ಒಳಗೆ ಸಣ್ಣವು, ದೊಡ್ಡವು ಸೇರಿ ಕಪ್ಪು ಉಂಗುರಗಳ ರಾಶಿ. ನಾನು ಮಾಡಿದ ಒಂದು ತಪ್ಪು ಆ ವಾಸನೆಯ ಹಿಂದೆಯೇ ಎದ್ದು ಬಂತು. ಯಾರಿಗೂ ಹೇಳಿರದ ಅದನ್ನು, ಮೊಮ್ಮಕ್ಕಳೇ, ನಿಮಗೆ ಬರೆಯುತ್ತಿದ್ದೇನೆ. ಎದುರು ಕೂತು ಹೇಳುವುದು ನನ್ನಿಂದ ಆಗದು.

ಚಿಂಚೋಳಿಯಿಂದ ರಜೆಗೆ ಬಂದಾಗ ನೀವು ಕೌದಿಗಳನ್ನು ಒಟ್ಟಿರುವ ಎತ್ತರದ ಮೇಜನ್ನು ನೋಡಿದ್ದೀರಿ. ಅದು ಮೇಜಲ್ಲ, ಪಿನ್‌ಬಾಲ್ ಎಂಬ ಆಟದ ಯಂತ್ರ. ನಿಮ್ಮ ಮುತ್ಯಾ, ಅಂದರೆ ನನ್ನ ಯಜಮಾನರು, ಫಿಟರ್ ಆಗಿದ್ದ ಕಾರ್ಖಾನೆಯಲ್ಲಿ ಸಾಹೇಬರ ಕ್ಲಬ್ಬು ಮುಚ್ಚಿದಾಗ ಕುರ್ಚಿ, ಫ್ಯಾನುಗಳನ್ನೆಲ್ಲ ಜನ ಒಯ್ದರಂತೆ, ಇದನ್ನು ಯಾರೂ ಮುಟ್ಟಲಿಲ್ಲ. ಇವರು ಟೆಂಪೊದಲ್ಲಿ ಹೇರಿಕೊಂಡು ಶಹಾಬಾದಿನ ಈ ಮನೆಗೆ ತಂದರು. ಅದರ ಹಿಂದಿನ ಎರಡು ಕಾಲುಗಳ ಕೆಳಗೆ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಚೂರು ಇಟ್ಟು, ಕಣ್ಣಳತೆಯಲ್ಲೇ ಇಳಿಜಾರು ಮಾಡಿದರು. ಆ ಚೂರುಗಳು ಈಗಲೂ ಅಲ್ಲೇ ಇವೆ.

ಆಟ ಸರಳ. ಗಾಜಿನ ಕೆಳಗೆ ಇಳಿಜಾರು ಹಲಗೆ, ಅದರ ಮೇಲೆ ಉರುಳುವ ಉಕ್ಕಿನ ಗುಂಡು. ಅದು ಕೆಳಗಿನ ತೂತಿಗೆ ಬೀಳದಂತೆ, ಅತ್ತಿತ್ತಲಿನ ಗುಂಡಿಗಳನ್ನು ಒತ್ತಿ, ಒಳಗಿನ ಎರಡು ರೆಕ್ಕೆಗಳಿಂದ ಹೊಡೆದು ಮೇಲೆ ಕಳಿಸಬೇಕು. ದಾರಿಯಲ್ಲೆಲ್ಲ ಗೂಟಗಳಿರುತ್ತವೆ, ಗೂಟಗಳಿಗೆ ರಬ್ಬರಿನ ಬಳೆ. ಗುಂಡು ಅದಕ್ಕೆ ತಾಗಿದರೆ ಪುಟಿದು ಓಡಬೇಕು, ಗಂಟೆ ಹೊಡೆಯಬೇಕು. ರಬ್ಬರು ಸತ್ತಿದ್ದರೆ ಗುಂಡು ನಾದಿದ ಹಿಟ್ಟಿಗೆ ಬಿದ್ದಂತೆ ಅಲ್ಲೇ ಕೂತುಬಿಡುತ್ತದೆ. ಮುತ್ಯಾ ಹೋದ ಮೇಲೆ ನಮ್ಮ ಯಂತ್ರದ ಗತಿ ಅದೇ ಆಗಿತ್ತು.

ನಿಮ್ಮ ಮಾಮ ಶರಣು ಹೋದ ವಾರ ಕೌದಿಯ ಒಟ್ಟಿಲನ್ನು ತಟ್ಟಿ ಹೇಳಿದ. "ಅವ್ವಾ, ಸೋಮವಾರ ಗುಜರಿಯಾಂವ ಬರ್ತಾನ. ಇದನ್ನ ಕೊಟ್ಟು ಬಿಡೋಣು. ಸುಮ್ಕ ಜಾಗ ತಿನ್ನಾಕತ್ತದ."

ಗೌರಿ ಒಳಗಿನಿಂದಲೇ ಅಂದಳು, "ರಬ್ಬರ್ ತರಿಸೀನ್ರಿ. ಅತ್ತಿ ಹಾಕಿ ನೋಡ್ಲಿ. ಗುಂಡು ಪುಟಿಲಿಲ್ಲಂದ್ರ ಕೊಟ್ಟು ಬಿಡ್ರಿ."

"ಅವ್ವ ಹಾಕ್ತಾಳ?" ಎಂದು ಶರಣು ನಕ್ಕ.

ನಗುವುದರಲ್ಲಿ ತಪ್ಪಿಲ್ಲ. ಆದರೆ ನಾನು ಹಿಂದೊಮ್ಮೆ ಹಾಕಿದ್ದೆ. ಆಗ ನಿಮ್ಮ ಅವ್ವ ಮತ್ತು ಶರಣು ಚಿಕ್ಕವರು. ಮುತ್ಯಾ ಯಾವುದೋ ರಿಪೇರಿಗೆಂದು ಎಂಟು ದಿನ ವಾಡಿ ಊರಿನಲ್ಲೇ ಉಳಿದಿದ್ದರು. ರಬ್ಬರು ಹರಿದು ಆಟ ನಿಂತಿತ್ತು, ಮಕ್ಕಳ ರಗಳೆ. ಸೈಕಲ್ ಟ್ಯೂಬು ಕತ್ತರಿಸಿ ಉಂಗುರ ಮಾಡುವುದನ್ನು ಇವರ ಹಿಂದೆ ನಿಂತು ಎಷ್ಟೋ ಸಲ ನೋಡಿದ್ದೆ. ಏನೂ ಕೇಳುತ್ತಿರಲಿಲ್ಲ, ನೋಡುವುದು ಮಾತ್ರ. ಮಧ್ಯಾಹ್ನ ಮಕ್ಕಳು ಸಾಲೆಗೆ ಹೋದಾಗ ಬಾಗಿಲು ಮುಂದೆ ಮಾಡಿ, ಪ್ಲಗ್ ಕಿತ್ತು, ಗಾಜು ಸರಿಸಿದೆ. ರೆಕ್ಕೆಗಳ ಮೇಲ್ಗಡೆ ಎರಡೂ ಬದಿಗೆ ಮೂರು ಗೂಟಗಳ ಒಂದೊಂದು ತ್ರಿಕೋನ, ಅದರ ಮೇಲೊಂದು ಪ್ಲಾಸ್ಟಿಕ್ ಮುಚ್ಚಳ. ಮುಚ್ಚಳಗಳ ಸ್ಕ್ರೂ ಬಿಚ್ಚಿದೆ. ಟ್ಯೂಬಿನ ಉಂಗುರ ಎರಡು ಗೂಟಕ್ಕೆ ಬರುತ್ತಿತ್ತು, ಮೂರನೆಯದಕ್ಕೆ ಬರುತ್ತಿರಲಿಲ್ಲ.

ಬಿಗಿ ಬಳೆ ಕೈಗೆ ಏರದಿದ್ದರೆ ನಾವು ಏನು ಮಾಡುತ್ತೇವೆ? ಎಣ್ಣೆ ಹಚ್ಚುತ್ತೇವೆ. ನಾನೂ ಅಡುಗೆಮನೆಯಿಂದ ಕುಸುಬಿ ಎಣ್ಣೆ ತಂದು ಹಚ್ಚಿದೆ. ಸರ್ರನೆ ಏರಿತು. ಎಲ್ಲ ಉಂಗುರಗಳಿಗೂ ಧಾರಾಳವಾಗಿ ಹಚ್ಚಿದೆ, ಮೇಲೆ ಒರೆಸಿ ಮಿಂಚುವಂತೆ ಮಾಡಿದೆ.

ವಾಡಿಯಿಂದ ಬಂದವರು ಗುಂಡು ಓಡುವುದನ್ನು ನೋಡಿ ನಿಂತೇಬಿಟ್ಟರು. ಸಂಜೆ ಕಟ್ಟೆಯ ಮೇಲೆ ಕೂತು ಓಣಿಯವರಿಗೆಲ್ಲ ಹೇಳಿದರು, "ನಾಳಿಂದ ನಾ ರೊಟ್ಟಿ ಬಡೀತೀನ್ರಪ್ಪ. ನಮ್ಮನಿಯಾಕಿ ಫಿಟರ್ ಆಗ್ಯಾಳ." ನಾನು ಸೆರಗು ಮುಖಕ್ಕೆ ಎಳೆದುಕೊಂಡು ಒಳಗೆ ಹೋದೆ. ನಾಚಿಕೆ ಖರೆ, ಒಳಗೊಳಗೆ ಭಾಳ ಖುಷಿ.

ತಿಂಗಳೊಳಗೆ ರಬ್ಬರು ಉಬ್ಬಿತು, ಜೋತಿತು, ಕೈಗೆ ಅಂಟತೊಡಗಿತು. ಎಣ್ಣೆ ರಬ್ಬರನ್ನು ತಿನ್ನುತ್ತದೆಂದು ನನಗೇನು ಗೊತ್ತು? ಇವರು ಓಣಿಯವರ ಎದುರೇ ಒಂದು ಉಂಗುರ ತೆಗೆದು ಬೆರಳಲ್ಲಿ ತಿಕ್ಕಿ, ಮೂಸಿ, "ಟ್ಯೂಬಿನ ಮಾಲ್ ಖರಾಬ್ ಅದ" ಎಂದರು. ಓಣಿಯೆಲ್ಲ ಹೊಗಳಿದ ಮೇಲೆ ಎಣ್ಣೆಯ ಮಾತು ಹೇಗೆ ಹೇಳುವುದು? ಹೇಳಲಿಲ್ಲ. ಅವರೇ ಹೊಸವು ಹಾಕಿದರು. ಮುಂದೆಯೂ ಅವರೇ ಹಾಕುತ್ತ ಬಂದರು. ನಾನು ಮತ್ತೆಂದೂ ಅದರ ಗಾಜು ಸರಿಸಲಿಲ್ಲ. ಕೊನೆಯ ಜಡ್ಡಿನಲ್ಲಿ ಅವರ ಕಾಲು ಒತ್ತುವಾಗ ಎರಡು ಸಲ ಬಾಯಿ ತೆರೆದೆ, ನೀರು ಬೇಕೇ ಎಂದು ಕೇಳಿ ಮುಚ್ಚಿಕೊಂಡೆ.

ಮೊನ್ನೆ ಭಾನುವಾರ, ಅಷ್ಟು ವರ್ಷಗಳ ನಂತರ, ಕೌದಿಗಳನ್ನು ಇಳಿಸಿ, ಗಾಜು ಸರಿಸಿ, ಪೇಚ್‌ಕಸ್ ಹಿಡಿದು ಸ್ಕ್ರೂ ತಿರುಗಿಸಿದೆ. ಮೊದಲು ಬಲಬದಿಯ ಮುಚ್ಚಳ ತೆಗೆದೆ. ಹಳೆಯ ರಬ್ಬರು ಒಣಗಿ ಸೀಳಿತ್ತು, ಮುಟ್ಟಿದರೆ ಪುಡಿ. ಮೂರು ಗೂಟಗಳ ಸುತ್ತಳತೆಗೆ ಸರಿಯಾಗುವ ಹೊಸ ಉಂಗುರ ಹುಡುಕಿ ತೊಡಿಸಿದೆ. ಸುಲಭವಾಗಿ ಕೂತಿತು. ಗುಂಡು ಬಿಟ್ಟರೆ ಅದೇ ಹಿಟ್ಟು, ಪುಟಿಯಲೇ ಇಲ್ಲ. ಶರಣು ಬಾಗಿಲಲ್ಲಿ ನಿಂತು ನೋಡಿದ. ಪಾಪ, ಕೌದಿಗಳನ್ನು ಎಣಿಸುವವನಂತೆ ಆಚೆ ನೋಡಿದ.

ಆಗ ನೆನಪಾದವಳು ಬಳೆ ಮಾರುವ ಬೂಬವ್ವ. ನಾನು ಸಡಿಲ ಬಳೆ ಬೇಡಿದಾಗಲೆಲ್ಲ ಬೈಯುತ್ತಿದ್ದಳು. "ದೊಡ್ಡವು ಹಾಕೊಂಡ್ರ ಹಿಟ್ಟ ನಾದೋ ಮುಂದ ಪರಾತಕ್ಕ ಬೀಳ್ತಾವ ಬೇಟಿ. ಜರಾ ಬಿಗಿ ಇರಬೇಕು, ಆಗ ಕೈ ಬಿಡಂಗಿಲ್ಲ." ಕೈಯನ್ನು ಹಿಚುಕಿ, ಇದು ಏರಲಾರದು ಎನಿಸುವ ಬಳೆಯನ್ನೇ ಏರಿಸುತ್ತಿದ್ದಳು. ಈಗ ನನ್ನ ಕೈಯಲ್ಲಿ ಬಳೆಯಿಲ್ಲ, ಆ ಬಿಗಿ ಮಾತ್ರ ಕೈಗೆ ನೆನಪಿದೆ. ಇಲ್ಲಿ ಸರಿಯಾದ ಅಳತೆಯೇ ತಪ್ಪು ಅಳತೆ ಎಂದು ಹೊಳೆಯಿತು. ಎಳೆದು ತೊಡಿಸಿದ ರಬ್ಬರು ಮಾತ್ರ ತಿರುಗಿ ತಳ್ಳೀತು.

ಎರಡು ಅಳತೆ ಸಣ್ಣದು ಆರಿಸಿದೆ. ಬಲಬದಿಗೆ ಬೆವರು ಇಳಿಸಿ ಏರಿಸಿದೆ. ಆಮೇಲೆ ಎಡಬದಿಯ ಮುಚ್ಚಳ ಬಿಚ್ಚಿ ಮಗುಚಿದೆ. ಅದರ ಒಳಮೈಗೆ ಚೀಟಿಯೊಂದು ಅಂಟಿತ್ತು, ಹಳದಿಯಾಗಿತ್ತು. ಮುತ್ಯಾ ಯಂತ್ರದೊಳಗೆ ಬರೆದುಕೊಂಡ ಗುರುತುಗಳೆಲ್ಲ ಕಾರ್ಖಾನೆಯ ಇಂಗ್ಲಿಷಿನಲ್ಲಿವೆ. ಇದೊಂದು ಮಾತ್ರ ಕನ್ನಡದಲ್ಲಿ, ನಾಲ್ಕನೆಯ ಇಯತ್ತೆಯಷ್ಟೇ ಓದಿದ ನನ್ನಂಥವಳಿಗೂ ತಿಳಿಯುವ ದಪ್ಪ ಅಕ್ಷರದಲ್ಲಿ: "ಎಣ್ಣಿ ಹಚ್ಚಬ್ಯಾಡ. ಸಾಬಾಣದ ನೀರು ಸಾಕು."

ಆ ಮುಚ್ಚಳ ಬಿಚ್ಚುವವರು ಮನೆಯಲ್ಲಿ ಇಬ್ಬರೇ, ಅವರು ಮತ್ತು ನಾನು. ಮೂಸಿದ ದಿನವೇ ಅವರಿಗೆ ಗೊತ್ತಾಗಿತ್ತು. ಮಂದಿಯ ಮುಂದೆ ಟ್ಯೂಬನ್ನು ಬೈದು, ನನಗೆ ಹೇಳಬೇಕಾದುದನ್ನು ನಾನು ಮತ್ತೊಮ್ಮೆ ಧೈರ್ಯ ಮಾಡಿದರೆ ಮಾತ್ರ ಸಿಗುವ ಜಾಗದಲ್ಲಿ ಇಟ್ಟಿದ್ದರು. ನಾನು ಅಷ್ಟು ತಡ ಮಾಡುತ್ತೇನೆಂದು ಅವರಿಗೆ ಅನಿಸಿರಲಾರದು.

ಸಾಬಾಣದ ನೀರು ಮಾಡಿ ಉಳಿದವನ್ನೆಲ್ಲ ಏರಿಸಿದೆ, ಒರೆಸಿ ಆರಲು ಬಿಟ್ಟೆ. ಸಂಜೆ ಪ್ಲಗ್ ಹಾಕಿ ಗುಂಡು ಬಿಟ್ಟೆ. ಎಡಕ್ಕೆ ತಾಗಿತು, ಬಲಕ್ಕೆ ಹಾರಿತು, ಗಂಟೆ ಹೊಡೆಯಿತು.

"ಯಾರು ಆಡಾಕತ್ತಾರ?" ಎಂದು ಶರಣು ಪಡಸಾಲೆಯಿಂದ ಕೂಗಿದ.

"ನಾನೇ," ಎಂದೆ. ಅವನು ಬಂದು ಪಕ್ಕದಲ್ಲಿ ನಿಂತ. ನಾನು ಸೆರಗು ಎಳೆದುಕೊಳ್ಳಲಿಲ್ಲ, ಗುಂಡಿ ಒತ್ತುತ್ತಲೇ ಇದ್ದೆ. ಸೋಮವಾರ ಗುಜರಿಯವನಿಗೆ ಹಳೆಯ ಬಕೆಟ್ಟು ಮಾತ್ರ ಸಿಕ್ಕಿತು.

ಈ ಸಲ ರಜೆಗೆ ಬಂದಾಗ ಕೌದಿ ಬೇಕಾದರೆ ಅಟ್ಟದ ಮೇಲೆ ನೋಡಿರಿ. ರಬ್ಬರು ಮತ್ತೆ ಸವೆದ ದಿನ ಎಡಬದಿಯ ಮುಚ್ಚಳವನ್ನು ನೀವೇ ಬಿಚ್ಚಬೇಕು. ಚೀಟಿಯನ್ನು ಅಲ್ಲೇ ಅಂಟಿಸಿದ್ದೇನೆ. ಅದರ ಕೆಳಗೆ ಪೆನ್ಸಿಲಿನಲ್ಲಿ ನಾನು ಬರೆದದ್ದು ಒಂದೇ ಮಾತು: ಓದಿದೆ.